ಹೊಯ್ಸಳರ ಕಾಲನಾ, ಪಾಳೇಗಾರರ ಕಾಲನಾ, ಕಾಫಿ ತೋಟನಾ? ನಿಮ್ಮ ಪ್ರೇಮ-ಸೇಡಿನ ಕಾದಂಬರಿಗೆ ಕಾಲ ಆರಿಸ್ಕೊಳ್ಳೋದು ಹೇಗೆ

ಒಂದೆರಡು ತಿಂಗಳಲ್ಲಿ ಮೂರು ಜನ ನನ್ನ ಹತ್ರ ಒಂದೇ ಪ್ರಶ್ನೆ ತಂದಿದಾರೆ. ಅರಸೀಕೆರೆ ಕಡೆಯ ರಿಟೈರ್ಡ್ ಮೇಷ್ಟ್ರು ಒಬ್ರು, ಸಕಲೇಶಪುರದ ಹತ್ರ ಎಸ್ಟೇಟಲ್ಲಿ ಲೆಕ್ಕ ಬರೆಯೋ ಹುಡುಗಿ ಒಬ್ಳು, ಬೇಲೂರಲ್ಲಿ ಹುಟ್ಟಿ ಈಗ ಬೆಂಗಳೂರಲ್ಲಿ ಕೆಲಸ ಮಾಡೋ ಹುಡುಗ ಒಬ್ಬ. ಮೂರೂ ಜನರ ತಲೇಲಿರೋ ಕಥೆ ಹೆಚ್ಚುಕಮ್ಮಿ ಒಂದೇ. ಇಬ್ರು ಪ್ರೀತಿಸಿದ್ರು, ಯಾರೋ ನಂಬಿದವರೇ ಮೋಸ ಮಾಡಿ ದೂರ ಮಾಡಿದ್ರು, ಒಬ್ರು ಸತ್ತೇ ಹೋದ್ರು ಅಂತ ಊರೆಲ್ಲ ನಂಬ್ತು, ಎಷ್ಟೋ ವರ್ಷ ಆದ್ಮೇಲೆ ಅವ್ರೇ ಬೇರೆ ಹೆಸರಲ್ಲಿ ವಾಪಸ್ ಬರ್ತಾರೆ, ಸೇಡು ತೀರಿಸ್ಕೊಳ್ಳೋಕೆ. ಕಥೆ ನಮ್ಮ ಹಾಸನ-ಚಿಕ್ಕಮಗಳೂರು ಕಡೇಲೇ ನಡೀಬೇಕು ಅನ್ನೋದೂ ಮೂರೂ ಜನರ ಆಸೆ. ಯಾವ ಕಾಲದಲ್ಲಿ ಅನ್ನೋದು ಮಾತ್ರ ಗೊತ್ತಾಗ್ತಿಲ್ಲ.

ಒಬ್ಬೊಬ್ರಿಗೂ ಫೋನಲ್ಲಿ ಅರ್ಧರ್ಧ ಹೇಳೋ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತೆ. ನಾನು ಈ ತಪ್ಪು ಮಾಡಿ ಎರಡು ವರ್ಷ ಕಳ್ಕೊಂಡವಳು, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ನಂದು ವಿಷ್ಣುವರ್ಧನನ ಕಾಲದ ಕಥೆ ಆಗಿತ್ತು. ಹನ್ನೆರಡು ವರ್ಷ ಆದ್ಮೇಲೆ ನಾಯಕ ಬೇರೆ ಹೆಸರಿಟ್ಕೊಂಡು ತನ್ನೂರಿಗೇ ಬರ್ತಾನೆ, ಯಾರಿಗೂ ಗೊತ್ತಾಗಲ್ಲ. ಇನ್ನೂರು ಪುಟದ ಹತ್ರ ಬಂದಾಗ ನಮ್ಮಕ್ಕನಿಗೆ ಓದೋಕೆ ಕೊಟ್ಟೆ. ಅವಳು ನಾಲ್ಕನೇ ಅಧ್ಯಾಯಕ್ಕೇ ನಿಲ್ಸಿ ಕೇಳಿದ್ಲು, "ಅಲ್ಲ ಕಣೇ, ನಮ್ಮ ಕಡೆ ಯಾವೂರು ಯಾರ ಮಗ ಅಂತ ಕೇಳ್ದೆ ಒಂದು ಲೋಟ ನೀರೂ ಕೊಡಲ್ಲ, ಹನ್ನೆರಡು ವರ್ಷದ ಹಿಂದೆ ಇವನ್ನ ಮನೆ ಜಗಲೀಲಿ ಕೂರಿಸ್ಕೊಂಡು ಮಾತಾಡ್ಸಿದವರು ಒಬ್ರೂ ಗುರುತು ಹಿಡೀಲಿಲ್ವಾ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಗಡ್ಡ ಬಿಟ್ಟಿದ್ದ ಅಂತ ಬರೆದಿದ್ದೆ ಅಷ್ಟೆ.

ಅವತ್ತಿಂದ ನನಗೆ ಒಂದು ವಿಷಯ ಗಟ್ಟಿಯಾಗಿ ಗೊತ್ತಾಯ್ತು. ಕಳ್ಕೊಂಡ ಪ್ರೀತಿ ಎಲ್ಲಾ ಕಾಲದಲ್ಲೂ ಇದೆ, ಸೇಡೂ ಇದೆ. ಆದ್ರೆ ಒಬ್ಬ ಮನುಷ್ಯ ತನ್ನ ಹೆಸರು ಮುಚ್ಚಿಟ್ಕೊಂಡು ಬದುಕೋಕೆ ಕಾರಣನೂ ಅವಕಾಶನೂ ಎರಡನ್ನೂ ಕೊಡೋ ಕಾಲಗಳು ಬಹಳ ಕಮ್ಮಿ. ಹಾಗಾಗಿ ಕಾಲ ಆರಿಸೋವಾಗ ನಾನು ಮೊದಲು ನೋಡೋದು ಇದನ್ನೇ, ಗುರುತು ಹೇಗೆ ಮರೆಯಾಯ್ತು. ಎರಡನೇದು, ಆ ಗುರುತು ಮತ್ತೆ ಹೇಗೆ ಸಿಗುತ್ತೆ, ಅಂದ್ರೆ ಅವಳು ಅವನನ್ನ ಗುರುತಿಸೋ ಆ ಒಂದು ಕ್ಷಣಕ್ಕೆ ಆ ಕಾಲ ಏನು ವಸ್ತು ಕೊಡುತ್ತೆ. ಮೂರನೇದು ಸೇಡು ಯಾರ ಮೇಲೆ, ಯಾವ ದಾರೀಲಿ, ಕತ್ತೀಲಾ ಕೋರ್ಟಲ್ಲಾ ಸಾಲದ ಪತ್ರದಲ್ಲಾ. ಆಮೇಲೆ ನಮ್ಮ ಕೈಗೆ ಸಿಗೋ ಆಧಾರಗಳು, ಅದಕ್ಕೆ ಬೇಕಾದ ಟೈಮು ಮತ್ತೆ ದುಡ್ಡು. ಮಾತು ಯಾವ ಕನ್ನಡದಲ್ಲಿ ಆಡಿಸ್ತೀವಿ ಅನ್ನೋದೂ ಸಣ್ಣ ವಿಷಯ ಅಲ್ಲ, ಎಷ್ಟೋ ಒಳ್ಳೇ ಕಥೆಗಳು ಸಂಭಾಷಣೇಲೇ ಮುಗ್ಗರಿಸ್ತವೆ.

ಸರಿ, ಮೊದಲು ಎಲ್ರೂ ಕೈ ಹಾಕೋ ಕಾಲ, ಹೊಯ್ಸಳರ ವೈಭವದ್ದು. ಬೇಲೂರು ಚೆನ್ನಕೇಶವನ ಪ್ರತಿಷ್ಠೆ 1117, ಹಳೇಬೀಡಿನ ಹೊಯ್ಸಳೇಶ್ವರ ಶುರುವಾಗಿದ್ದು 1121ರ ಹೊತ್ತಿಗೆ, ತರೀಕೆರೆ ಹತ್ರದ ಅಮೃತಾಪುರದ ದೇವಸ್ಥಾನ 1196. ಓದುಗರಿಗೆ ಹೆಸರು ಕೇಳಿದ ತಕ್ಷಣ ಕಣ್ಮುಂದೆ ಚಿತ್ರ ಬರುತ್ತೆ, ಅದು ದೊಡ್ಡ ಲಾಭ, ಮೊದಲ ಪುಸ್ತಕ ಬರೆಯೋರಿಗಂತೂ ಅರ್ಧ ಕೆಲಸ ದೇವಸ್ಥಾನವೇ ಮಾಡ್ಕೊಡುತ್ತೆ. ಹಾಸನದಿಂದ ಹಳೇಬೀಡಿಗೆ ಸುಮಾರು ಮೂವತ್ತು ಕಿಲೋಮೀಟರ್, ಅಲ್ಲಿಂದ ಬೇಲೂರಿಗೆ ಹದಿನಾರು, ಕೆಂಪು ಬಸ್ಸಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರಬೋದು. ಆಧಾರಕ್ಕೆ ಬರ ಇಲ್ಲ. ಬಿ.ಎಲ್. ರೈಸ್ ಅನ್ನೋ ಬ್ರಿಟಿಷ್ ವಿದ್ವಾಂಸರು ಸಂಗ್ರಹಿಸಿದ ಶಾಸನ ಸಂಪುಟಗಳಲ್ಲಿ (ಎಪಿಗ್ರಾಫಿಯಾ ಕರ್ನಾಟಿಕ) ಐದನೇದು ಹಾಸನ ಜಿಲ್ಲೇದು, ಆರನೇದು ಕಡೂರು ಜಿಲ್ಲೆ ಅಂದ್ರೆ ಈಗಿನ ಚಿಕ್ಕಮಗಳೂರು, ಶ್ರವಣಬೆಳಗೊಳದ್ದು ಎರಡನೇದು. ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗ್ತವೆ.

ತೊಂದ್ರೆ ಇರೋದು ನಾನು ಹೇಳಿದ ಮೊದಲನೇ ಅಳತೇಲಿ. ಆ ಶಾಸನಗಳನ್ನ ಓದಿ ನೋಡಿ, ಒಬ್ಬ ದಾನ ಕೊಟ್ರೆ ಅವನ ಅಪ್ಪ, ಅಜ್ಜ, ಗುರು, ಬಿರುದು, ಎಲ್ಲಾ ಬರೆದಿರ್ತಾರೆ. ಮನುಷ್ಯ ಅಂದ್ರೇನೇ ಅವನ ವಂಶ ಮತ್ತೆ ಊರು. ಅಂಥ ಸಮಾಜದಲ್ಲಿ ಹೆಸರಿಲ್ಲದವನಾಗಿ ಓಡಾಡೋದು ಕಷ್ಟ. ಹಾಗಂತ ಆಗೋದೇ ಇಲ್ಲ ಅಂತಲ್ಲ, ಯಾರು ಊರೂರು ತಿರುಗ್ತಿದ್ರೋ ಅವರನ್ನ ಹಿಡೀಬೇಕು. ಶಿಲ್ಪಿಗಳು ಹಾಗಿದ್ರು. ಬೇಲೂರಿನ ದಾಸೋಜ, ಅವನ ಮಗ ಚಾವಣ, ಇಬ್ರೂ ಬಳ್ಳಿಗಾವಿಯಿಂದ ಬಂದವರು. ಮಲ್ಲಿತಮ್ಮನ ಹೆಸರು ಅಮೃತಾಪುರದಲ್ಲೂ ಸಿಗುತ್ತೆ, ಸೋಮನಾಥಪುರದಲ್ಲೂ ಸಿಗುತ್ತೆ. ಮಾಡಿದ ವಿಗ್ರಹದ ಕೆಳಗೆ ತಮ್ಮ ಹೆಸರು ಕೆತ್ತೋ ಅಭ್ಯಾಸ ಇವರಿಗಿತ್ತು. ಈಗ ಯೋಚನೆ ಮಾಡಿ, ಹೆಸರು ಬದಲಾಯಿಸ್ಕೊಂಡು ಬಂದ ಶಿಲ್ಪಿ ಕೆಳಗೆ ಸುಳ್ಳು ಹೆಸರು ಕೆತ್ತಬೋದು, ಆದ್ರೆ ಉಳಿ ಹಿಡಿಯೋ ರೀತಿ ಬದಲಾಯಿಸೋಕಾಗುತ್ತಾ? ಅವನು ಕೆತ್ತಿದ ಬಳ್ಳಿಯ ತಿರುವು ನೋಡಿ ಅವಳಿಗೆ ಗೊತ್ತಾಗುತ್ತೆ. ಗುರುತು ಸಿಗೋ ಕ್ಷಣ ಇದಕ್ಕಿಂತ ಚೆನ್ನಾಗಿ ಬೇರೆ ಯಾವ ಕಾಲದಲ್ಲೂ ಸಿಗಲ್ಲ ಅಂತ ನನಗನ್ಸುತ್ತೆ. ನಮ್ಮ ಜನಕ್ಕೂ ಇದು ಮೊದಲೇ ಹೊಳೆದಿತ್ತು ಅನ್ನಿ. ಜಕಣಾಚಾರಿ ಕಥೆ ಇತಿಹಾಸ ಅಲ್ಲ, ಅವನ ಹೆಸರಿನ ಶಾಸನ ಆಧಾರ ಇಲ್ಲ, ಆದ್ರೆ ಬಿಟ್ಟುಹೋದ ಹೆಂಡತಿ, ಅಪ್ಪನ ಗುರುತಿಲ್ಲದ ಮಗ, ವಿಗ್ರಹದ ಹೊಟ್ಟೇಲಿ ಕಪ್ಪೆ ಇದೆ ಅಂತ ಸವಾಲು, ಕತ್ತರಿಸ್ಕೊಂಡ ಕೈ, ಎಲ್ಲಾ ಅದ್ರಲ್ಲೇ ಇದೆ. ಅದನ್ನೇ ಮತ್ತೆ ಬರೀಬೇಡಿ, ಓದುಗರು ಎರಡನೇ ಪುಟಕ್ಕೇ ಹಿಡೀತಾರೆ.

ಹೊಯ್ಸಳರಲ್ಲೇ ಇನ್ನೊಂದು ಜಾಗ ಇದೆ, ಬಹಳ ಜನ ಅದರ ಮುಂದೆ ನಡ್ಕೊಂಡು ಹೋಗಿ ಫೋಟೋ ತೆಗೆಸ್ಕೊಂಡು ಬರ್ತಾರೆ, ಅದೇನು ಅಂತ ಕೇಳಲ್ಲ. ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲಿರೋ ಗರುಡಗಂಬ. ಎರಡನೇ ವೀರಬಲ್ಲಾಳ 1220ರಲ್ಲಿ ತೀರ್ಕೊಂಡಾಗ ಅವನ ಗರುಡ ಆಗಿದ್ದ ಕುವರ ಲಕ್ಷ್ಮ ತನ್ನ ಹೆಂಡತಿ ಜೊತೆ, ತನ್ನವರ ಜೊತೆ ಪ್ರಾಣ ಕೊಟ್ಟಿದ್ದರ ನೆನಪಿಗೆ ನಿಲ್ಲಿಸಿದ್ದು. ಒಡೆಯ ಸತ್ರೆ ತಾನೂ ಸಾಯ್ತೀನಿ ಅಂತ ಮೊದಲೇ ಮಾತು ಕೊಟ್ಟಿರೋರು ಗರುಡರು, ಆ ಮಾತಿಗೆ ವೇಳೆವಾಳಿ ಅಂತಾರೆ. ಕಂಬದ ಮೇಲೆ ತಮ್ಮ ತಲೆ ತಾವೇ ಕತ್ತರಿಸ್ಕೊಳ್ತಿರೋ ವೀರರನ್ನ ಕೆತ್ತಿದಾರೆ. ನಾನು ಆ ಕಂಬದ ಮುಂದೆ ನಿಂತಾಗ ಹೊಳೆದಿದ್ದು ಒಂದೇ, ಆವತ್ತು ಸಾಯದೇ ಉಳಿದ ಒಬ್ಬ ಗರುಡ ಇದ್ದಿದ್ರೆ? ಹೆಂಡತಿಗೋಸ್ಕರನೋ, ಅಥವಾ ಯಾರೋ ಬೇಕಂತಲೇ ಬದುಕಿಸಿ ಮಾನ ಕಳೆಯೋಕೋ. ಅವನು ಹೆಸರು ಮುಚ್ಚಿಟ್ಕೊಳ್ಳಲೇಬೇಕು, ಊರಿನ ವೀರಗಲ್ಲಲ್ಲಿ ಅವನೂ ಇದಾನೆ, ಅವನ ತಾಯಿ ದಿನಾ ಆ ಕಲ್ಲಿಗೆ ಹೂ ಇಡ್ತಾಳೆ. ಇಂಥ ಕಥೆಗೆ ಗಡ್ಡ ಬೇಕಾಗಿಲ್ಲ, ಬದುಕಿದಾನೆ ಅಂತ ಗುರುತಿಸೋಕೆ ಸ್ವಂತ ಮನೆಯವರೇ ಹೆದರ್ತಾರೆ. ಹೊಯ್ಸಳರದ್ದೇ ಬೇಕು ಅನ್ನೋರಿಗೆ ನನ್ನ ಸಲಹೆ ಇದು, 1117 ಬಿಡಿ, 1220ಕ್ಕೆ ಬನ್ನಿ.

ಭಾಷೆ ಮಾತ್ರ ಇಲ್ಲಿ ತುಂಬಾ ಬೆವರಿಳಿಸುತ್ತೆ. ಹಳಗನ್ನಡ ಬರೆದ್ರೆ ಯಾರೂ ಓದಲ್ಲ, ಈಗಿನ ಮಾತು ಬರೆದ್ರೆ ಸೀರಿಯಲ್ ಥರ ಕೇಳುತ್ತೆ. ನಾನು ಕಂಡ್ಕೊಂಡ ದಾರಿ ಅಂದ್ರೆ ಸರಳ ಕನ್ನಡವೇ ಬರೆದು, ಆಮೇಲೆ ಬಂದ ಪಾರಸಿ-ಅರಬ್ಬಿ ಮೂಲದ ಪದಗಳನ್ನ ಹುಡುಕಿ ತೆಗೆಯೋದು. ಖುಷಿ, ಹುಕುಂ, ಜಮೀನು, ದರ್ಬಾರು, ತಯಾರಿ, ಖಾಲಿ, ಇವೆಲ್ಲ ವಿಷ್ಣುವರ್ಧನನ ಬಾಯಲ್ಲಿ ಬರಬಾರ್ದು. ದರ್ಬಾರಿನ ಬದಲು ಓಲಗ ಅನ್ನಿ, ಎಷ್ಟು ಚೆನ್ನಾಗಿದೆ ನೋಡಿ. ಕಾಗದ ಇಲ್ಲ, ಓಲೆ. ಅಡುಗೆಮನೇಲೂ ಹುಷಾರು, ಹಾಸನದವರು ನಾವು ಅಂತ ಆಲೂಗಡ್ಡೆ ಪಲ್ಯ ಬಡಿಸಿಬಿಟ್ಟೀರಾ, ಆಲೂಗಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ ಯಾವುದೂ ಆಗ ಈ ದೇಶದಲ್ಲೇ ಇರ್ಲಿಲ್ಲ. ಖಾರಕ್ಕೆ ಒಳ್ಳೆಮೆಣಸು.

ಎರಡನೇ ಕಾಲ ಹೊಯ್ಸಳರ ಕೊನೆ. ಇದನ್ನ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಇದು ಎಲ್ರಿಗೂ ಅಲ್ಲ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರ್ ದೋರಸಮುದ್ರದ, ಅಂದ್ರೆ ಈಗಿನ ಹಳೇಬೀಡಿನ ಮೇಲೆ ಬಂದ, ಮೂರನೇ ಬಲ್ಲಾಳ ಒಪ್ಪಂದ ಮಾಡ್ಕೊಂಡು ಮಗನನ್ನ ದೆಹಲಿಗೆ ಕಳಿಸಿದ, ಆ ರಾಜಕುಮಾರ 1313ರಲ್ಲಿ ವಾಪಸ್ ಬಂದ. 1327ರಲ್ಲಿ ಮತ್ತೆ ತುಘಲಕ್ ಸೈನ್ಯ ಬಂತು, ಅದಾದ್ಮೇಲೆ ದೋರಸಮುದ್ರ ಮೊದಲಿನ ಥರ ಆಗ್ಲೇ ಇಲ್ಲ, ಬಲ್ಲಾಳ ತಿರುವಣ್ಣಾಮಲೈ ಕಡೆ ಇದ್ಕೊಂಡು ಕೊನೆಗೆ ಮಧುರೆಯ ಸುಲ್ತಾನನ ಮೇಲಿನ ಯುದ್ಧದಲ್ಲಿ ಜೀವ ಬಿಟ್ಟ. ರಾಜಕುಮಾರನ ಜೊತೆ ದೆಹಲಿಗೆ ಹೋದ ಆಳುಗಳು, ಭಟರು ಎಲ್ರೂ ವಾಪಸ್ ಬಂದಿರ್ತಾರಾ, ಬಂದವರು ಅದೇ ಮನುಷ್ಯರಾಗಿ ಬಂದಿರ್ತಾರಾ ಅನ್ನೋ ಪ್ರಶ್ನೇಲೇ ಕಾದಂಬರಿ ಇದೆ. ದುಃಖದ ಪ್ರೇಮಕಥೆಗೆ ಇದಕ್ಕಿಂತ ಆಳವಾದ ನೆಲ ಇಲ್ಲ. ಆದ್ರೆ ಸಾಮಾನ್ಯ ಜನರ ದಿನನಿತ್ಯದ ವಿವರ ಬಹಳ ಕಮ್ಮಿ ಸಿಗುತ್ತೆ, ದೆಹಲಿ ಕಡೇದನ್ನೂ ಓದ್ಬೇಕು, ಎರಡು ಮೂರು ವರ್ಷ ಕೈಲಿದ್ರೆ ಮಾತ್ರ ಹೋಗಿ. ಇನ್ನೊಂದು ವಿಷಯ ಮನಸ್ಸಿಟ್ಟು ಹೇಳ್ತೀನಿ, ಆ ಕಾಲದ ಯುದ್ಧಗಳಿಗೆ ಇವತ್ತಿನ ಜಗಳ ತಂದು ಅಂಟಿಸ್ಬೇಡಿ, ಪ್ರೇಮಕಥೆ ಅಲ್ಲೇ ಸತ್ತುಹೋಗುತ್ತೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟದ ಕಾಲಕ್ಕೆ ಬರ್ತೀನಿ. 1799 ಮೇ 4, ಶ್ರೀರಂಗಪಟ್ಟಣ ಬಿತ್ತು. ಅಲ್ಲಿಂದ 1831ರಲ್ಲಿ ಮೈಸೂರು ಆಡಳಿತ ಬ್ರಿಟಿಷರು ಕೈಗೆ ತಗೊಳ್ಳೋವರೆಗೆ, ಮೂವತ್ತೆರಡು ವರ್ಷ. ಗುರುತು ಮರೆಯಾಗೋಕೆ ಆ ಕಾಲ ಎಷ್ಟು ಕಾರಣ ಕೊಡುತ್ತೆ ಅಂದ್ರೆ ನಾವು ಏನೂ ಕಟ್ಟೋದೇ ಬೇಡ. ಕೋಟೆ ಬಿದ್ದ ದಿನ ಜೈಲಿನ ಬಾಗಿಲು ತೆಗೀತು. ಕರಾವಳಿಯಿಂದ 1784ರಲ್ಲಿ ಹಿಡಿದು ತಂದಿದ್ದ ಕ್ರೈಸ್ತ ಕುಟುಂಬಗಳಲ್ಲಿ ಉಳಿದವರು ಹದಿನೈದು ವರ್ಷ ಆದ್ಮೇಲೆ ಮನೆ ಕಡೆ ನಡೆದ್ರು, ಹೋಗಿ ನೋಡಿದ್ರೆ ಮನೆ ಯಾರದ್ದೋ, ಹೆಂಡತಿ ಎಲ್ಲೋ. ಹದಿನೈದು ವರ್ಷ! ಹೋದಾಗ ಇಪ್ಪತ್ತರ ಹುಡುಗ ಬಂದಾಗ ಮೂವತ್ತೈದು, ಮೈಮೇಲೆ ಸೆರೆಮನೆಯ ಗುರುತು, ಮಾತು ಕೂಡ ಬದಲಾಗಿದೆ. ನಮ್ಮಕ್ಕನ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ತು ನನಗೆ.

ಅದೇ ಕೋಟೆಯ ಜೈಲಿಂದ ಹೊರಗೆ ಬಂದವನು ಧೋಂಡಿಯಾ ವಾಘ್, ಚನ್ನಗಿರಿಯವನು. ಟಿಪ್ಪು ಅವನ ಧರ್ಮ ಬದಲಾಯಿಸಿ ಬೇರೆ ಹೆಸರಿಟ್ಟು ಸೆರೇಲಿಟ್ಟಿದ್ದ. ಕೆಲಸ ಕಳ್ಕೊಂಡ ಸೈನಿಕರನ್ನ ಸೇರಿಸ್ಕೊಂಡು ತನ್ನನ್ನ ಉಭಯಲೋಕಾಧೀಶ್ವರ ಅಂತ ಕರ್ಕೊಂಡ, 1800ರ ಸೆಪ್ಟೆಂಬರಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯದ ಕೈಲಿ ಸತ್ತ, ಸತ್ತವನ ಚಿಕ್ಕ ಮಗನನ್ನ ವೆಲ್ಲೆಸ್ಲಿಯೇ ಸಾಕಿಸಿದ. ಇದೇ ವೆಲ್ಲೆಸ್ಲಿ 1802ರಲ್ಲಿ ನಮ್ಮ ಮಲೆನಾಡಿಗೆ ಬಂದ. ಐಗೂರು ಕಡೆಯ ಬಲಂ ಸೀಮೆಯ ಪಾಳೇಗಾರ ಕಾಡಲ್ಲಿ ಕೋಟೆ-ಬೇಲಿ ಕಟ್ಕೊಂಡು ಯಾರಿಗೂ ಬಗ್ಗಲ್ಲ ಅಂತ ಕೂತಿದ್ದ, ಅವನನ್ನ ಹಿಡಿದು ಗಲ್ಲಿಗೇರಿಸಿದ್ರು. ಅವನ ಕಡೆಯವರು, ಬಂಟರು ಏನಾದ್ರು? ಹೆಸರು ಬದಲಾಯಿಸ್ಕೊಂಡು ಕಾಡೊಳಗೆ ಸೇರ್ಕೊಂಡವರು ಇರ್ಲೇಬೇಕಲ್ವಾ, ಕಾದಂಬರಿಕಾರರಿಗೆ ಇದಕ್ಕಿಂತ ದೊಡ್ಡ ಬಾಗಿಲು ಬೇಕಾ? ಪಾಳೇಗಾರನನ್ನ ಹಿಡಿದುಕೊಟ್ಟವನ ಮಗಳನ್ನೇ ನಿಮ್ಮ ನಾಯಕ ಪ್ರೀತಿಸಿದ್ದ ಅನ್ಕೊಳ್ಳಿ, ಕಥೆ ತಾನಾಗೇ ಓಡುತ್ತೆ. ಇನ್ನು 1830ರ ರೈತರ ದಂಗೇಲಿ ತಾನು ನಗರದ, ಅಂದ್ರೆ ಬಿದನೂರಿನ, ಅರಸರ ವಂಶದವನು ಅಂತ ಹೇಳ್ಕೊಂಡು ಬೂದಿ ಬಸವಪ್ಪ ಅಂತ ಒಬ್ಬ ಎದ್ದ, ಅವನ ನಿಜವಾದ ಹೆಸರು ಸಾದರ ಮಲ್ಲ. ತರೀಕೆರೆ ಪಾಳೇಗಾರರೂ ದಂಗೆಗೆ ಸೇರ್ಕೊಂಡ್ರು. ಸುಳ್ಳು ಹೆಸರಲ್ಲಿ ಒಬ್ಬ ಸೀಮೆಯನ್ನೇ ಅಲ್ಲಾಡಿಸಿದ್ದು ಇತಿಹಾಸದಲ್ಲೇ ಇದೆ.

ಆಧಾರನೂ ಚೆನ್ನಾಗಿ ಸಿಗುತ್ತೆ. ಫ್ರಾನ್ಸಿಸ್ ಬುಕಾನನ್ 1800-1801ರಲ್ಲಿ ಮೈಸೂರು ಸೀಮೆಯೆಲ್ಲ ಸುತ್ತಿ ಬೆಳೆ, ಬೆಲೆ, ಕೂಲಿ, ಜಾತಿ, ರಸ್ತೆ ಎಲ್ಲಾ ಬರೆದಿಟ್ಟಿದಾನೆ, ಬೇಲೂರು-ಹಾಸನದ ಕಡೆನೂ ಬಂದಿದ್ದ. ವೆಲ್ಲೆಸ್ಲಿ ಪತ್ರಗಳು ಅಚ್ಚಾಗಿವೆ. ಸಕಲೇಶಪುರದ ಕಡೆ ದೋಣಿಗಾಲ್ ಹತ್ರದ ಮಂಜರಾಬಾದ್ ಕೋಟೆ, ಎಂಟು ಮೂಲೆಯ ನಕ್ಷತ್ರದ ಆಕಾರದ್ದು, ಟಿಪ್ಪು ಕಟ್ಸಿದ್ದು, ಮಳೆ ಶುರುವಾಗೋ ಮುಂಚೆ ಒಂದು ಬೆಳಿಗ್ಗೆ ಹತ್ತಿ ನೋಡಿ, ಎದುರಿಗೆ ನಿಂತವರ ಮುಖ ಕಾಣದಷ್ಟು ಮಂಜು ಬಂದ್ರೆ ನಿಮ್ಮ ಕಥೆಯ ಅರ್ಧ ದೃಶ್ಯ ಅಲ್ಲೇ ಸಿಗುತ್ತೆ. ಮಾತಿನ ವಿಷಯದಲ್ಲೂ ಸುಲಭ, ಅಮಲ್ದಾರ, ಕಿಲ್ಲೇದಾರ, ಹುಕುಂ, ಜಪ್ತಿ ಎಲ್ಲಾ ಧಾರಾಳವಾಗಿ ಹಾಕ್ಬೋದು.

ಕಷ್ಟ ಏನು ಅಂದ್ರೆ ಓದುಗರಿಗೆ ಈ ಕಾಲ ಅಷ್ಟು ಪರಿಚಯ ಇಲ್ಲ, ಶುರುವಿನ ಮೂವತ್ತು ಪುಟ ಯಾರು ಯಾರ ಕಡೆ ಅಂತ ಅರ್ಥ ಮಾಡಿಸೋದ್ರಲ್ಲೇ ಹೋಗುತ್ತೆ. ಒಬ್ಬ ಪ್ರಕಾಶಕರು ನನಗೆ ನೇರವಾಗೇ ಹೇಳಿದ್ರು, ಬೇಲೂರು ಅಂತ ಮುಖಪುಟದಲ್ಲಿ ಹಾಕೋ ಹಾಗಿದ್ರೆ ತನ್ನಿ, ಬಲಂ ಅಂದ್ರೆ ಯಾರಿಗೂ ಗೊತ್ತಾಗಲ್ಲ ಅಂತ. ಬೇಜಾರಾಯ್ತು, ಆದ್ರೆ ಮಾರಾಟನೇ ಮುಖ್ಯ ಅನ್ನೋರು ಇದನ್ನ ಲೆಕ್ಕಕ್ಕೆ ತಗೊಳ್ಳಲೇಬೇಕು. ಟಿಪ್ಪು ಹೆಸರು ಬಂದ ಕೂಡ್ಲೇ ಜನ ಎರಡು ಗುಂಪಾಗ್ತಾರೆ ಅನ್ನೋದೂ ನಿಜ. ಯಾವ ಸಮುದಾಯದ ನೋವನ್ನ ಬರೆಯೋದಾದ್ರೂ ಆ ಮನೆಯವರ ಹತ್ರ ಕೂತು ಕೇಳಿ ಬರೀಬೇಕು.

ನಾಲ್ಕನೇದು ಕಾಫಿ ತೋಟ. ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಹಾಕಿದ್ರು ಅನ್ನೋದು ಎಲ್ರಿಗೂ ಗೊತ್ತಿರೋ ಐತಿಹ್ಯ, ಆದ್ರೆ ನಿಮ್ಮ ಕಥೆಗೆ ಬೇಕಾಗಿರೋದು 1840ರಿಂದ ಈಚೆಗೆ, ಬಿಳಿ ದೊರೆಗಳ ತೋಟಗಳು ಬಂದ ಮೇಲೆ. ಇಲ್ಲಿ ಗುರುತು ಮರೆಯಾಗೋದು ಆಳುಗಳ ಹಾಜರಿ ಪುಸ್ತಕದಲ್ಲಿ, ಅಂದ್ರೆ ಚೆಕ್‌ರೋಲಲ್ಲಿ. ಘಟ್ಟದ ಕೆಳಗಿಂದ, ತಮಿಳು ಕಡೆಯಿಂದ ಮೇಸ್ತ್ರಿ ಮುಂಗಡ ಕೊಟ್ಟು ಕರ್ಕೊಂಡು ಬಂದ ಆಳುಗಳು ಯಾವ ಹೆಸರು ಹೇಳಿದ್ರೋ ತೋಟದ ಗುಮಾಸ್ತ ರೈಟರ್ ಅದನ್ನೇ ಬರ್ಕೊಂಡ. ಆಳುಗಳಿಗೆ ಸಾಲಾಗಿ ಕಟ್ಟಿದ ಲೈನ್ ಮನೇಲಿ ಪಕ್ಕದವರು ಯಾವೂರಿನವರೋ ಗೊತ್ತಿಲ್ಲ. ಹೆಸರು ಬಿಟ್ಟು ಬದುಕೋಕೆ ಇದಕ್ಕಿಂತ ಸಲೀಸಾದ ಜಾಗ ಇಲ್ಲ, ಅದ್ರಲ್ಲೂ ಹೆಂಗಸರಿಗೆ, ಬೇರೆ ಮೂರೂ ಕಾಲದಲ್ಲಿ ಒಂಟಿ ಹೆಂಗಸು ಗುರುತಿಲ್ಲದೆ ಬದುಕೋದು ನಂಬಿಸೋದೇ ಕಷ್ಟ.

ಸೇಡಿಗೂ ಕತ್ತಿ ಬೇಡ. 1860-70ರ ದಶಕದಲ್ಲಿ ಕಾಂಡಕೊರಕ ಮತ್ತೆ ಎಲೆರೋಗ ಬಂದು ಹಳೇ ಚಿಕ್ ತಳಿ ತೋಟಗಳು ಹಾಳಾದ್ವು, ಎಷ್ಟೋ ತೋಟ ಸಾಲಕ್ಕೆ ಸಿಕ್ಕಿ ಕೈ ಬದಲಾದ್ವು. ಆಳಾಗಿ ಓಡಿಸಲ್ಪಟ್ಟವನು ಬೇರೆ ಹೆಸರಲ್ಲಿ ಸಾಹುಕಾರನಾಗಿ ಬಂದು ಆ ಸಾಲದ ಪತ್ರ ಕೊಂಡ್ಕೊಂಡ್ರೆ ಮುಗೀತು. ಕಥೆ ಇನ್ನೂ ಈಚೆಗೆ ತರೋದಾದ್ರೆ 1933ರಲ್ಲಿ ಮೈಸೂರು ಸಂಸ್ಥಾನದಲ್ಲಿ ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಕಾಯ್ದೆ ಬಂತು, ಸತ್ತಳು ಅನ್ಕೊಂಡಿದ್ದ ಹೆಂಡತಿ ಪಾಲು ಕೇಳ್ಕೊಂಡು ಕೋರ್ಟ್ ಮೆಟ್ಟಿಲು ಹತ್ತಬೋದು. ಗುರುತು ಸಿಗೋ ಕ್ಷಣಕ್ಕೆ ವರ್ಷಕ್ಕೊಂದೇ ಸಲ ಬಾಗಿಲು ತೆಗೆಯೋ ಹಾಸನಾಂಬೆ ಇದಾಳೆ, ಹೂಮಳೆ ಆದ್ಮೇಲೆ ಇಡೀ ತೋಟ ಬೆಳ್ಳಗಾಗೋ ಆ ಎರಡು ಮೂರು ದಿನ ಇದೆ.

ಖರ್ಚು ಇದಕ್ಕೇ ಅತೀ ಕಮ್ಮಿ. 1856ರಲ್ಲಿ ಮಂಜರಾಬಾದಿಗೆ ಬಂದ ರಾಬರ್ಟ್ ಎಲಿಯಟ್ ಅನ್ನೋ ಪ್ಲಾಂಟರ್ ತನ್ನ ಅನುಭವ ಬರೆದಿಟ್ಟಿದಾನೆ, ಪುಕ್ಕಟೆ ಓದ್ಬೋದು, ಆದ್ರೆ ದೊರೆ ಕಣ್ಣಲ್ಲಿ ಬರೆದಿದ್ದು ಅನ್ನೋದು ನೆನಪಿರ್ಲಿ, ಆಳಿನ ಮಾತು ಅದ್ರಲ್ಲಿ ಸಿಗಲ್ಲ. ಅದಕ್ಕೆ ಲೈನ್ ಮನೆಯ ಅಜ್ಜಿಯರ ಹತ್ರಾನೇ ಹೋಗ್ಬೇಕು, ಅದೂ ಬೇಗ, ಕೇಳಿದ್ದನ್ನ ಹೇಳೋ ತಲೆಮಾರು ಕಮ್ಮಿ ಆಗ್ತಿದೆ. ಒಂದು ಎಚ್ಚರ, ರೈಲು. ಚಿಕ್ಕಮಗಳೂರು ಊರಿಗೆ ರೈಲು ಬಂದಿದ್ದೇ 2013ರಲ್ಲಿ, ಸಕಲೇಶಪುರದಿಂದ ಘಟ್ಟ ಇಳಿಯೋ ಲೈನು 1970ರ ದಶಕದ ಕೊನೇದು. ನಿಮ್ಮ ನಾಯಕಿ 1920ರಲ್ಲಿ ಸಕಲೇಶಪುರದಿಂದ ರೈಲಲ್ಲಿ ಮಂಗಳೂರಿಗೆ ಓಡಿಹೋಗೋ ಹಾಗಿಲ್ಲ. ಈ ಕಾಲದ ಕೊರತೆ ಅಂದ್ರೆ ರಾಜ-ಯುದ್ಧದ ಗತ್ತು ಇರಲ್ಲ, ಮತ್ತೆ ತೋಟದ ಮನೆತನಗಳು ಇನ್ನೂ ಇದಾವೆ, ನಮ್ಮ ಮನೆ ಕಥೆನೇ ಬರೆದಿದೀರಾ ಅಂತ ಯಾರಾದ್ರೂ ಬಂದಾರು. ಮನೆತನದ ಹೆಸರು, ಎಸ್ಟೇಟ್ ಹೆಸರು ಎರಡನ್ನೂ ಪೂರ್ತಿ ಕಟ್ಟಿದ್ದೇ ಇಡಿ.

ಇನ್ನು ಆ ಮೂರು ಜನಕ್ಕೆ. ಎಸ್ಟೇಟ್ ಹುಡುಗಿ, ನೀನು ಬೇರೆ ಏನೂ ಯೋಚನೆ ಮಾಡ್ಬೇಡಮ್ಮ, ದಿನಾ ಚೆಕ್‌ರೋಲ್ ಕೈಲಿ ಹಿಡಿಯೋಳು ನೀನು, ರಾತ್ರಿ ಒಂದು ಗಂಟೆ ಸಿಕ್ರೂ ಕಾಫಿ ಕಾಲದ ಕಥೆ ಒಂದು ವರ್ಷದಲ್ಲಿ ಮುಗಿಯುತ್ತೆ, ನಾಯಕಿ ಕಣ್ಣಿಂದಲೇ ಬರಿ. ಬೆಂಗಳೂರಿನ ತಮ್ಮ, ನಿನಗೆ ವಾರದ ಕೊನೆ ಮಾತ್ರ ಬಿಡುವು, ಓದೋರು ಜಾಸ್ತಿ ಸಿಗ್ಬೇಕು ಅನ್ನೋ ಆಸೆನೂ ಇದೆ, ಬೇಲೂರು ನಿನ್ನ ಹುಟ್ಟೂರು ಬೇರೆ. ಹೊಯ್ಸಳರನ್ನೇ ತಗೋ, ಆದ್ರೆ ರಾಜರಾಣಿ ಬಿಟ್ಟು ಶಿಲ್ಪಿನೋ ಗರುಡನೋ ಹಿಡ್ಕೋ. ಮೇಷ್ಟ್ರೇ, ನಿಮಗೆ ಟೈಮಿದೆ, ಇಂಗ್ಲಿಷ್ ದಾಖಲೆ ಓದೋ ತಾಳ್ಮೆ ಇದೆ, ಪೆನ್ಶನ್ ಬರೋದ್ರಿಂದ ಪ್ರಕಾಶಕರ ಮುಖ ನೋಡ್ಬೇಕಾಗಿಲ್ಲ. ಬಲಂ ಸೀಮೆ ಕಥೆ ನೀವೇ ಬರೀಬೇಕು, ದಯವಿಟ್ಟು ಬರೀರಿ, ನಾನು ಟೈಪ್ ಮಾಡ್ಕೊಡ್ತೀನಿ.

ಇನ್ನೂ ಮನಸ್ಸು ಗಟ್ಟಿ ಆಗದವರು ಒಂದು ಕೆಲಸ ಮಾಡಿ. ಗುರುತು ಸಿಗೋ ಆ ಒಂದು ದೃಶ್ಯ ಮಾತ್ರ, ಎರಡೇ ಪುಟ, ಎರಡು ಬೇರೆ ಬೇರೆ ಕಾಲದಲ್ಲಿಟ್ಟು ಬರೆದು ನೋಡಿ, ಮನೇಲಿ ಯಾರಿಗಾದ್ರೂ ಓದಿ ಹೇಳಿ. ಎಲ್ಲಿ ಅವರು "ಅಷ್ಟು ಹೊತ್ತು ಗುರುತೇ ಸಿಗ್ಲಿಲ್ವಾ" ಅಂತ ಕೇಳ್ತಾರೋ ಆ ಕಾಲ ಬಿಡಿ. ಹಳೇಬೀಡಿಗೆ ಕಂಬ ನೋಡೋಕೆ ಹೋಗೋರು ಬೆಳಿಗ್ಗೆ ಬೇಗ ಹೋಗಿ, ಓರೆ ಬಿಸಿಲು ಬಿದ್ದಾಗಲೇ ಅಕ್ಷರ ಎದ್ದು ಕಾಣೋದು, ಹನ್ನೆರಡರ ಮೇಲೆ ಬರೀ ಕಲ್ಲು ಕಾಣುತ್ತೆ.